ನೆರೆಮನೆಯ ಕೂಸು ಮತ್ತು ಮನೆಯೊಳಗಣ ಯಂತ್ರಗಳು

ಪುತ್ತೂರು, ಸುಳ್ಯ, ಮತ್ತು ಇವೆರಡರ ಗ್ರಾಮಗಳನ್ನು ಬೇರ್ಪಡಿಸಿ ರಚಿಸಿದ ಕಡಬ, ಈ ಮೂರು ತಾಲ್ಲೂಕುಗಳಲ್ಲಿ ಹಗಲಿನ ವೇಳೆ ಕೈಗೂಸುಗಳನ್ನು ನೋಡಿಕೊಳ್ಳತಕ್ಕವರು ಯಾರು ಎಂಬ ಪ್ರಶ್ನೆಯು ಹಿಂದೆ ಹೆಚ್ಚಾಗಿ ಏಳುತ್ತಿರಲಿಲ್ಲ. ತೋಟದ ನಡುವಣ ಮನೆಯಲ್ಲಿ ಅಜ್ಜಿಯಿದ್ದಳು, ದೊಡ್ಡಮ್ಮನಿದ್ದಳು, ಮದುವೆಯಾಗದ ಅತ್ತೆಯೊಬ್ಬಳಿದ್ದಳು. ಮಗುವು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುತ್ತ ಬೆಳೆಯುತ್ತಿತ್ತು. ಈಗ ತಾಯಿಯಾದವಳು ಗೇರುಬೀಜದ ಕಾರ್ಖಾನೆಗೋ, ಶಾಲೆಗೋ, ಬೇಂಕಿಗೋ, ಆಸ್ಪತ್ರೆಗೋ ಕೆಲಸಕ್ಕೆ ಹೋಗುವವಳು. ಅಂಗನವಾಡಿಯು ಮೂರು ವರ್ಷ ತುಂಬಿದ ಮಕ್ಕಳನ್ನು ಕೆಲವು ಗಂಟೆಗಳ ಮಟ್ಟಿಗೆ ಕುಳ್ಳಿರಿಸಿಕೊಳ್ಳುತ್ತದೆ. ೨೦೨೩ರ ಬಳಿಕ ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಮುಖ್ಯವಾಗಿ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ ಏರ್ಪಟ್ಟವು. ಉಳಿದವರ ಕೂಸು ನೆರೆಮನೆಯ ಹೆಂಗಸೊಬ್ಬಳ ವಶಕ್ಕೆ ಹೋಗುತ್ತದೆ. ತನ್ನ ಮಗುವಿನೊಡನೆ ಪರರ ಎರಡು ಮೂರು ಮಕ್ಕಳನ್ನೂ ಸೇರಿಸಿಕೊಂಡು, ತಿಂಗಳಿಗಿಷ್ಟೆಂದು ಹಣ ಪಡೆದು, ಆಕೆ ಸಂಜೆಯವರೆಗೆ ಅವರನ್ನು ಸಾಕುವಳು. ಫಲಕವಿಲ್ಲ, ದಾಖಲೆಯಿಲ್ಲ, ಇರುವುದು ನಂಬಿಕೆಯೊಂದೇ.

ನಮ್ಮ ಸ್ಮೃತಿಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ಬೆನ್ನಿಗೇ ನಿಕ್ಷೇಪವನ್ನು ಹೇಳಿದ್ದಾರೆ. ನಂಬಿ ಒಪ್ಪಿಸಿದ ವಸ್ತುವನ್ನು ಇಟ್ಟುಕೊಂಡವನು ಕೆಡದಂತೆ ಹಿಂದಿರುಗಿಸಬೇಕಷ್ಟೆ. ಅವರು ಹೇಳಿದುದು ಒಡವೆವಸ್ತುಗಳ ಮಾತು. ಕೂಸೆಂಬ ನಿಕ್ಷೇಪವಾದರೋ ನಡೆದಾಡುತ್ತದೆ, ಕಂಡುದನ್ನೆಲ್ಲ ಬಾಯಿಗೆ ಹಾಕುತ್ತದೆ, ಬೆಳಿಗ್ಗೆ ಇದ್ದಂತೆ ಸಂಜೆಗೆ ಇರುವುದಿಲ್ಲ. ಅಂಥದನ್ನು ಕಾಯುವ ಮನೆಯಲ್ಲಿ ಮೊಬೈಲು, ಚಾರ್ಜರು, ಟೆಲಿವಿಷನ್ನು, ರಿಮೋಟುಗಳು ಹೇಗಿರತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ಮೊಬೈಲು ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಬಂದುದು ಗುರುವಿನ ವೇಷದಲ್ಲಿ. ೨೦೨೦ ಮತ್ತು ೨೦೨೧ರಲ್ಲಿ, ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದ್ದಾಗ, ಪಾಠವೆಲ್ಲ ಅದರೊಳಗಿಂದಲೇ ನಡೆಯಿತು. ೨೦೨೧ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ತೆಗೆದ ಭಾವಚಿತ್ರವೊಂದನ್ನು ವಾಚಕರು ನೋಡಿರಬಹುದು: ಸುರಿಯುವ ಮಳೆಯಲ್ಲಿ ಬಾಲಿಕೆಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಾಳೆ; ತಂದೆಯು ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಸಂಕೇತವು ಸಿಕ್ಕದುದೇ ಅದಕ್ಕೆ ಕಾರಣ. ಆ ಚಿತ್ರವು ದೇಶದಲ್ಲೆಲ್ಲ ಹರಡಿತು. ವಿದ್ಯೆಗಾಗಿ ಅಷ್ಟು ಕಷ್ಟಪಟ್ಟು ಹಿಡಿದ ವಸ್ತುವನ್ನು ಮರಳಿ ಕಪಾಟಿನಲ್ಲಿಡುವುದು ಸುಲಭವಾಗಲಿಲ್ಲ. ಶಾಲೆಗಳು ತೆರೆದವು, ಗುರುವಾಗಿ ಬಂದುದು ದಾದಿಯಾಗಿ ಉಳಿಯಿತು. ಅಣ್ಣನು ಪಾಠ ಕೇಳಿದ ಮೊಬೈಲಿನಲ್ಲಿ ಈಗ ಎರಡು ವರ್ಷದ ತಮ್ಮನು ಕುಣಿಯುವ ಆನೆಯನ್ನು ನೋಡುತ್ತ ಗಂಜಿ ನುಂಗುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸೂಚನೆಯಂತೆ ಒಂದು ವರ್ಷದೊಳಗಿನ ಶಿಶುವಿಗೆ ಪರದೆಯ ನೋಟವೇ ಕೂಡದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಲೇಸು. ಭಾರತೀಯ ಶಿಶುವೈದ್ಯರ ಸಂಘವು ಎರಡು ವರ್ಷದವರೆಗೆ ಬೇಡವೇ ಬೇಡವೆಂದು ಹೇಳಿ, ದೂರದ ಬಂಧುಗಳ ಮುಖವನ್ನು ಅಪರೂಪಕ್ಕೊಮ್ಮೆ ನೋಡಿ ಮಾತನಾಡುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ತಂದೆಯನ್ನು ಕೂಸಿಗೆ ತೋರಿಸುವುದರಲ್ಲಿ ಆಕ್ಷೇಪವಿಲ್ಲ.

ಈ ನಿಷೇಧಕ್ಕೆ ಕಾರಣವೇನೆಂಬುದು ನಮ್ಮ ಪ್ರಾಚೀನರಿಗೆ ಹೊಸದಾಗಿ ತೋರುತ್ತಿರಲಿಲ್ಲ. ಮಗುವು ಮಾತು ಕಲಿಯುವ ಬಗೆಯನ್ನು ಕುರಿತು ಮೀಮಾಂಸಕರು ಸೊಗಸಾದ ದೃಷ್ಟಾಂತವೊಂದನ್ನು ಹೇಳುವರು. ಹಿರಿಯನೊಬ್ಬನು ಇನ್ನೊಬ್ಬನಿಗೆ ಹಸುವನ್ನು ತಾ ಎನ್ನುತ್ತಾನೆ. ಅವನು ಹೋಗಿ ಹಸುವನ್ನು ತರುತ್ತಾನೆ. ಬಳಿಯಲ್ಲಿ ಕುಳಿತ ಬಾಲಕನು ಅದನ್ನು ನೋಡುತ್ತಾನೆ. ಬಳಿಕ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂದು ಹೇಳಿದಾಗ ಯಾವ ಪದಕ್ಕೆ ಯಾವ ವಸ್ತು, ಯಾವ ಪದಕ್ಕೆ ಯಾವ ಕೆಲಸ ಎಂಬುದು ಅವನಿಗೆ ತಾನಾಗಿ ತಿಳಿಯುತ್ತದೆ. ಇದಕ್ಕೆ ವೃದ್ಧವ್ಯವಹಾರವೆಂದು ಹೆಸರು. ಮೊಬೈಲಿನ ಚಿತ್ರದಲ್ಲಿಯೂ ಹಸುವಿದೆ, ಬಣ್ಣವಿದೆ, ಹಾಡೂ ಇದೆ. ಆದರೆ ಯಾರೂ ಹಸುವನ್ನು ತರುವುದಿಲ್ಲ. ಮಗುವು ‘ಅಂಬಾ’ ಎಂದರೆ ಚಿತ್ರವು ತಿರುಗಿ ನೋಡುವುದಿಲ್ಲ. ಸುಳ್ಯದ ಒಂದೇ ಜಗಲಿಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳಗಳು ಕಿವಿಗೆ ಬೀಳುತ್ತವೆ. ಇಷ್ಟೊಂದು ಭಾಷೆಗಳನ್ನು ಆಡಿ ತೋರಿಸುವ ಜನರ ನಡುವೆ ಕುಳಿತ ಕೂಸನ್ನು ಮೂಕಪ್ರೇಕ್ಷಕನಾಗಿ ಮಾಡುವುದು ಎಂಥ ನಷ್ಟ! ಹಾಳೆಯ ಮೇಲೆ ಕುಳ್ಳಿರಿಸಿ ಅಂಗಳದಲ್ಲಿ ಎಳೆದಾಗ ‘ಇನ್ನೊಮ್ಮೆ’ ಎಂಬ ಪದವು ಎಷ್ಟು ಬೇಗ ಬರುವುದೆಂಬುದನ್ನು ಎಳೆದವರೇ ಬಲ್ಲರು.

ಇಷ್ಟರಿಂದ ನಮ್ಮನ್ನು ಯಂತ್ರದ್ವೇಷಿಗಳೆಂದು ಭಾವಿಸಬಾರದು. ಪುತ್ತೂರಿನ ಬಾಲವನದಲ್ಲಿ ಬಹುಕಾಲ ವಾಸವಾಗಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಬರೆದವರು, ಅವರೇ ಮೂಕಿ ಚಲಚ್ಚಿತ್ರವನ್ನೂ ತೆಗೆದು ನೋಡಿದವರು. ಯಂತ್ರವನ್ನು ತಿಳಿದು ಬಳಸುವುದು ಬೇರೆ, ಅದರ ಮಡಿಲಲ್ಲಿ ಮಗುವನ್ನು ಹಾಕುವುದು ಬೇರೆ.

ಇನ್ನು ಪ್ರಾಣಕ್ಕೇ ಬರುವ ಅಪಾಯಗಳು. ೨೦೨೩ರ ಆಗಸ್ಟಿನಲ್ಲಿ ಕಾರವಾರ ತಾಲ್ಲೂಕಿನ ಗ್ರಾಮವೊಂದರಲ್ಲಿ ಎಂಟು ತಿಂಗಳ ಶಿಶುವೊಂದು, ಗೋಡೆಗೆ ಸಿಕ್ಕಿಸಿ ಸ್ವಿಚ್ಚು ಆರಿಸದೆ ಬಿಟ್ಟಿದ್ದ ಚಾರ್ಜರಿನ ತುದಿಯನ್ನು ಬಾಯಿಗೆ ಹಾಕಿಕೊಂಡು, ವಿದ್ಯುತ್ತು ತಗಲಿ ತೀರಿಕೊಂಡಿತು. ಸರಿಯಾದ ಚಾರ್ಜರಿನ ತುದಿಯಲ್ಲಿ ಹರಿಯುವುದು ಐದಾರು ವೋಲ್ಟಿನ ಅಲ್ಪಶಕ್ತಿಯಷ್ಟೆ. ಅದರೊಳಗೆ ಗೋಡೆಯ ೨೩೦ ವೋಲ್ಟಿಗೂ ತುದಿಗೂ ನಡುವೆ ತಡೆಯಿರುತ್ತದೆ. ಅಗ್ಗದ ಹಾಗೂ ಹಳತಾದ ಚಾರ್ಜರುಗಳಲ್ಲಿ ಈ ತಡೆಯು ಕೆಟ್ಟರೆ ೨೩೦ ವೋಲ್ಟೂ ತುದಿಗೆ ಬರಬಹುದು. ಒದ್ದೆಯಾದ ಎಳೆಯ ಬಾಯಿಗೆ ಅದು ತಗಲಿದರೆ ಮುಂದೆ ಹೇಳಬೇಕಾದುದಿಲ್ಲ. ಆದುದರಿಂದ ಮೊಬೈಲನ್ನು ಕಳಚಿದೊಡನೆ ಚಾರ್ಜರನ್ನೂ ಕೀಳತಕ್ಕದ್ದು. ಪರರ ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಚಾರ್ಜು ಮಾಡುವುದಾದರೆ ಎತ್ತರದಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಮಾಡಬೇಕು. ವಿದ್ಯುತ್ತು ಸೋರಿದೊಡನೆ ಹರಿವನ್ನು ಕಡಿಯುವ, ಮೂವತ್ತು ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಮನೆಯ ವಯರಿಂಗಿಗೆ ಹಾಕಿಸಿದ್ದಾರೋ ಇಲ್ಲವೋ ಎಂದು ಹೆತ್ತವರು ನಾಚಿಕೆಯಿಲ್ಲದೆ ಕೇಳಬಹುದು. ನಮ್ಮ ಸೀಮೆಯ ಸಿಡಿಲಿನ ದಿನಗಳಲ್ಲಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವ ಅಭ್ಯಾಸವು ಹಲವರಿಗಿದೆ. ಅದನ್ನೇ ದಿನವೂ ನಡೆಸಿದರಾಯಿತು.

ಇದಕ್ಕಿಂತಲೂ ಗುಪ್ತವಾದ ಶತ್ರು ರಿಮೋಟುಗಳಲ್ಲಿಯೂ ಹಾಡುವ ಆಟಿಕೆಗಳಲ್ಲಿಯೂ ಇರುವ ಗುಂಡಿಯಾಕಾರದ ಸೆಲ್ಲು. ಹೊಳೆಯುವ ನಾಣ್ಯದಂತಿರುವ ಇದು ನುಂಗಿದ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿಯ ತೇವದಲ್ಲಿ ವಿದ್ಯುತ್ತು ಹರಿದು, ಸುಡುವ ಕ್ಷಾರವು ಹುಟ್ಟಿ, ಎರಡು ಗಂಟೆಗಳೊಳಗೆ ನಾಳವನ್ನು ಬೇಯಿಸಬಲ್ಲುದು. ಮಗುವು ಮೊದಲು ಅಳದೆಯೂ ಇರಬಹುದು. ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮುವುದು ಇಷ್ಟೇ ಕುರುಹುಗಳು. ವಾಂತಿ ಮಾಡಿಸಕೂಡದು, ಸಂದೇಹ ಬಂದ ಕ್ಷಣವೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಸುಬ್ರಹ್ಮಣ್ಯದಿಂದ ಮಂಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸು ದಾರಿ. ಆ ಎರಡು ಗಂಟೆಗಳು ತಿರುವಿನ ರಸ್ತೆಯಲ್ಲಿಯೇ ಕಳೆದುಹೋಗುತ್ತವೆ. ಸುಳ್ಯದಲ್ಲಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ತಮ್ಮ ಮನೆಗೆ ಯಾವ ಆಸ್ಪತ್ರೆ ಸಮೀಪವೆಂಬುದನ್ನು ಇಂದೇ ವಿಚಾರಿಸಿಡುವುದು ಲೇಸು. ಸ್ಕ್ರೂ ಇಲ್ಲದ ಮುಚ್ಚಳದ ಆಟಿಕೆಯನ್ನು ಅಂಥ ಮನೆಯ ಹೊಸ್ತಿಲೊಳಗೆ ಬಿಡಬಾರದು. ಹಾಗೆಂದು ಹಳೆಯ ಆಟಗಳೆಲ್ಲ ನಿರಪಾಯವೆಂದಲ್ಲ. ಚೆನ್ನೆಮಣೆಯ ಮಂಜೊಟ್ಟಿ ಕಾಯಿಗಳೂ ಗಂಟಲಿಗೆ ಸಿಕ್ಕುವಂಥವೇ.

ಮಕ್ಕಳ ಭಾವಚಿತ್ರದ ವಿಷಯವನ್ನೂ ಹೇಳಬೇಕು. ಕೂಸು ಹಾಳೆಯ ಮೇಲೆ ಕುಳಿತ ಚೆಂದದ ಚಿತ್ರವನ್ನು ತಾಯಿಗೆ ಕಳುಹಿಸುವುದು ಸಹಜ. ಅದನ್ನೇ ವಾಟ್ಸ್ಯಾಪಿನ ‘ಸ್ಟೇಟಸ್ಸಿ’ನಲ್ಲಿ ಊರಿಗೆಲ್ಲ ತೋರಿಸುವುದು ಬೇರೆ. ಸ್ನಾನದ, ಬತ್ತಲೆಯ ಚಿತ್ರವನ್ನಂತೂ ತೆಗೆಯಲೇಬಾರದು. ಒಮ್ಮೆ ಕೈಬಿಟ್ಟ ಚಿತ್ರವು ಯಾರ ಕೈ ಸೇರುವುದೆಂದು ಹೇಳುವಂತಿಲ್ಲ. ೨೦೨೩ರ ದತ್ತಾಂಶ ಸಂರಕ್ಷಣೆಯ ಕಾನೂನು ಹದಿನೆಂಟು ತುಂಬದವರ ವಿವರಗಳಿಗೆ ಹೆತ್ತವರ ಒಪ್ಪಿಗೆ ಬೇಕೆಂದಿತು. ಮನೆಮಂದಿಯ ಖಾಸಗಿ ವ್ಯವಹಾರಕ್ಕೆ ಅದು ತಗಲದಾದರೂ ಅದರ ನ್ಯಾಯವು ಇಲ್ಲಿಗೂ ಒಪ್ಪುತ್ತದೆ.

ಈ ಮಾತುಗಳನ್ನು ನಾವು ಮಕ್ಕಳನ್ನು ಸಾಕುವ ಗೃಹಿಣಿಯೊಬ್ಬರ ಮುಂದೆ ಹೇಳಿದಾಗ ಅವರು ನಕ್ಕರು. ‘ಮಾಸ್ಟ್ರೆ, ನೀವು ಹೇಳುವುದೆಲ್ಲ ಸರಿಯೇ. ಆದರೆ ನಾಲ್ಕು ಮಕ್ಕಳು ಒಟ್ಟಿಗೆ ಅಳುವಾಗ ಒಲೆಯ ಮೇಲಿನ ಅನ್ನ ಇಳಿಸುವವರು ಯಾರು?’ ಎಂದರು. ಅವರ ಪ್ರಶ್ನೆಯು ನ್ಯಾಯವಾದುದು. ಅವರಿಗೆ ಸಿಕ್ಕುವ ಹಣದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಳ್ಳಲಾಗದು. ಮೊಬೈಲು ಬೇಡವೆನ್ನುವ ಹೆತ್ತವರು ಆ ಒಂದು ಗಂಟೆಗೆ ಬದಲಿ ಕೈಯನ್ನು ಒದಗಿಸಬೇಕು: ತಮ್ಮ ಮನೆಯ ಅಜ್ಜಿಯನ್ನು ಅಡಿಗೆಯ ಹೊತ್ತಿಗೆ ಕಳುಹಿಸಬಹುದು, ಇಲ್ಲವೆ ಕೂಡಿ ಹಣ ಹೆಚ್ಚಿಸಬಹುದು. ಅದೂ ಆಗದಿದ್ದರೆ, ಎರಡು ದಾಟಿದ ಮಕ್ಕಳಿಗೆ, ಮೊದಲೇ ಆರಿಸಿ ಇಳಿಸಿಟ್ಟ ಒಂದೆರಡು ಚಿತ್ರಗಳನ್ನು ಸಂಪರ್ಕವನ್ನು ಕಡಿದು ತೋರಿಸಲಿ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಬರುವುದರಲ್ಲಿಯೇ ಮೋಸವಿದೆ. ೨೦೧೭ರಲ್ಲಿ, ಮಕ್ಕಳ ಚಿತ್ರಗಳ ವೇಷದಲ್ಲಿ ಬೀಭತ್ಸ ಚಿತ್ರಗಳು ಯೂಟ್ಯೂಬಿನಲ್ಲಿ ತುಂಬಿಕೊಂಡುದು ಬಯಲಾಗಿ, ಆ ಸಂಸ್ಥೆಯೇ ಹಲವನ್ನು ತೆಗೆದುಹಾಕಬೇಕಾಯಿತು.

ಆ ಗೃಹಿಣಿಯ ಅಡಿಗೆಮನೆಯ ಬಾಗಿಲಲ್ಲಿ ಈಗ ಕಾಗದವೊಂದು ಅಂಟಿದೆ. ಪ್ರತಿಯೊಂದು ಮಗುವಿನ ತಾಯಿಯ ಮತ್ತು ತಂದೆಯ ಫೋನು ಸಂಖ್ಯೆ, ಬಳಿಕ ಆಂಬುಲೆನ್ಸಿನ ೧೦೮, ಮಕ್ಕಳ ಸಹಾಯವಾಣಿಯ ೧೦೯೮, ಮೊಬೈಲಿನ ಮೂಲಕ ಹಣದ ಮೋಸವಾದರೆ ಕರೆಯತಕ್ಕ ೧೯೩೦. ಕೊನೆಯದನ್ನು ಅವರೇ ಸೇರಿಸಿದರು. ಮಕ್ಕಳು ಏನನ್ನಾದರೂ ಒತ್ತಿಬಿಟ್ಟಾರೆಂಬ ಹೆದರಿಕೆ ಅವರಿಗಿದೆ.