ಅಕ್ಕಡಿ ಸಾಲು: ಹೊಲದಲ್ಲಿ ಕೂಡಿ ಬಾಳುವ ಬೆಳೆ, ಕೂಡದ ಬೆಳೆ

ಮಿರಗದ ಮಳೆ ಬಿದ್ದು ನೆಲ ಹದಕ್ಕೆ ಬಂತೆಂದರೆ ಆಸ್ಪರಿ, ಆಲೂರು, ಆದವಾನಿ ಕಡೆಯ ಹಳ್ಳಿಗಳಲ್ಲಿ ಕೂರಿಗೆ ಹೂಡುವ ಗಡಿಬಿಡಿ ಮೊದಲಾಗುತ್ತದೆ. ಈಗ ಬಹಳ ಕಡೆ ಟ್ರ್ಯಾಕ್ಟರಿನ ಕೂರಿಗೆ ಬಂದಿದೆ. ಹಿಂದೆ ಎತ್ತಿನ ಕೂರಿಗೆಯ ಬೆನ್ನಿಗೆ ಮನೆಯ ಹೆಣ್ಣುಮಕ್ಕಳು ಸಡ್ಡೆ ಹಿಡಿದು ನಡೆಯುತ್ತಿದ್ದರು. ಕೂರಿಗೆಯಲ್ಲಿ ಮುಖ್ಯ ಬೆಳೆಯ ಕಾಳು ಬೀಳುತ್ತಿತ್ತು. ಸಡ್ಡೆಯಲ್ಲಿ ತೊಗರಿ, ಅಲಸಂದಿ, ಹೆಸರು, ಎಳ್ಳು, ಪುಂಡಿ. ಓದು ಬರಹ ಕಾಣದ ಅಜ್ಜಿ ಉಡಿಯಲ್ಲಿ ಐದಾರು ಬಗೆಯ ಬೀಜ ಕಟ್ಟಿಕೊಂಡು ಹೋಗಿ ಹೊಲವನ್ನೇ ಒಂದು ಕುಟುಂಬವನ್ನಾಗಿ ಮಾಡಿ ಬರುತ್ತಿದ್ದಳು. ಇದೇ ನಮ್ಮ ಅಕ್ಕಡಿ ಬೇಸಾಯ.

ಈ ಪದ್ಧತಿ ಈಗ ಸವೆಯುತ್ತಿದೆ. ಹೊಲಕ್ಕೆ ಹೊಲವೇ ಹತ್ತಿ, ಇಲ್ಲವೆ ಹೊಲಕ್ಕೆ ಹೊಲವೇ ಶೇಂಗಾ, ನೀರಿದ್ದ ಕಡೆ ಟೊಮ್ಯಾಟೊ. ಆ ಒಂದೇ ಬೆಳೆ ಕೈಕೊಟ್ಟರೆ ಒಕ್ಕಲಿಗನ ಗತಿ ಏನು? ಧಾರಣೆ ಬಿದ್ದ ವರ್ಷ ಟೊಮ್ಯಾಟೊ ಹಣ್ಣನ್ನು ರಸ್ತೆಗೆ ಸುರಿದದ್ದನ್ನು ಪತ್ತಿಕೊಂಡ, ಆಸ್ಪರಿ ಕಡೆಯ ಜನ ಕಣ್ಣಾರೆ ಕಂಡಿದ್ದಾರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಒಂದೇ ಕಾಳನ್ನು ನಂಬುವುದು ಒಂಟಿ ಎತ್ತಿನಿಂದ ಗಾಡಿ ಹೂಡಿದ ಹಾಗೆ. ಆದ್ದರಿಂದ ಯಾವ ಬೆಳೆಗೆ ಯಾವುದು ಜೊತೆ, ಯಾವುದು ಹಗೆ ಎಂಬುದನ್ನು ಬಿತ್ತನೆಗೆ ಮೊದಲೇ ವಿಚಾರ ಮಾಡುವುದು ಒಳ್ಳೆಯದು.

ಜೊತೆ ಬೆಳೆಯ ಗುಟ್ಟು

ಜೊತೆ ಬೆಳೆಯಿಂದ ಆಗುವ ಲಾಭ ಮೂರು ಬಗೆಯದು. ಮೊದಲನೆಯದು, ಬೇರು. ನವಣೆ, ಸಜ್ಜೆಗಳ ಬೇರು ಮೇಲು ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಒಂದು ಮೇಲಿನ ತೇವವನ್ನು ಕುಡಿದರೆ ಇನ್ನೊಂದು ಕೆಳಗಿನದನ್ನು, ಇಬ್ಬರಿಗೂ ಜಗಳವಿಲ್ಲ.

ಎರಡನೆಯದು, ಗೊಬ್ಬರ. ತೊಗರಿ, ಅಲಸಂದಿ, ಹೆಸರುಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಾಣುಗಳಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಉದುರಿದ ಎಲೆ, ಉಳಿದ ಬೇರು ಮುಂದಿನ ಬೆಳೆಗೂ ಉಪಕಾರಿ.

ಮೂರನೆಯದು, ಕಾಲ. ಶೇಂಗಾ ಮೂರೂವರೆ ನಾಲ್ಕು ತಿಂಗಳಲ್ಲಿ ಮುಗಿಯುವ ಬೆಳೆ. ತೊಗರಿ ಮೊದಲ ಎರಡು ತಿಂಗಳು ಮೆಲ್ಲನೆ ಬೆಳೆದು, ಶೇಂಗಾ ಕಿತ್ತ ಮೇಲೆ ಕೈಕಾಲು ಚಾಚಿ ಬೆಳೆಯುತ್ತದೆ. ಶ್ರಾವಣದ ಮಳೆ ತಪ್ಪಿ ಶೇಂಗಾ ಕೆಟ್ಟರೂ ಹಿಂಗಾರಿನ ಒಂದು ಮಳೆಗೆ ತೊಗರಿ ಮನೆ ಹಿಡಿಯುತ್ತದೆ. ಬರಗಾಲದ ವರ್ಷ ಬೇಳೆಯ ಚಿಂತೆ ತಪ್ಪಿತೆಂದರೆ ಅದು ಸಣ್ಣ ಮಾತಲ್ಲ.

ಮಸಾರಿ ಹೊಲದಲ್ಲಿ 7 ಸಾಲು ಶೇಂಗಾಕ್ಕೆ 1 ಸಾಲು ತೊಗರಿ ಹಾಕಬಹುದು. 11ಕ್ಕೆ 1 ಹಾಕುವವರೂ ಉಂಟು. ನವಣೆಯ ಹೊಲವಾದರೆ 5 ಸಾಲಿಗೆ 1 ಸಾಲು ತೊಗರಿ. ಹತ್ತಿಯ ನಡುವೆ ಅಲ್ಲಲ್ಲಿ ಅಲಸಂದಿ ಹಾಕಿದರೆ ಅದಕ್ಕೆ ಹತ್ತುವ ಹೇನನ್ನು ತಿನ್ನಲು ಗುಲಗಂಜಿ ಹುಳಗಳು ಬರುತ್ತವೆ. ಬಂದವು ಹತ್ತಿಯ ಹೇನನ್ನೂ ಬಿಡುವುದಿಲ್ಲ. ಎರೆ ಹೊಲದ ಹಿಂಗಾರಿ ಕಡಲೆಯಲ್ಲಿ ಕೊತ್ತಂಬರಿ ಸಾಲು ಹಾಕಿದರೆ, ಅದರ ಹೂವಿಗೆ ಬರುವ ಸಣ್ಣ ಕಣಜಗಳು ಕಾಯಿಕೊರಕ ಹುಳಕ್ಕೆ ಶತ್ರುಗಳಾಗುತ್ತವೆ. ಹೊಲದ ಸುತ್ತ ಕುಸುಬಿ ಬಿತ್ತಿದರೆ ಅದರ ಮುಳ್ಳಿಗೆ ದನ ಒಳಗೆ ಬರುವುದಿಲ್ಲವೆಂಬುದು ಹಿರಿಯರು ಬಲ್ಲ ಸಂಗತಿ.

ಬಲಿ ಬೆಳೆ, ಬೇಲಿ ಬೆಳೆ

ಕೆಲವು ಗಿಡಗಳು ತಾವು ಹುಳವನ್ನು ಕರೆದು ಮುಖ್ಯ ಬೆಳೆಯನ್ನು ಉಳಿಸುತ್ತವೆ. ಶೇಂಗಾ ಮತ್ತು ಹತ್ತಿಯ ಎಲೆ ತಿನ್ನುವ ತಂಬಾಕಿನ ಹುಳದ ಪತಂಗಕ್ಕೆ ಔಡಲದ ಅಗಲವಾದ ಎಲೆಯೆಂದರೆ ಬಹು ಪ್ರೀತಿ. ಬದುವಿನಲ್ಲಿ ಮತ್ತು ಹೊಲದ ನಡುವೆ ಎಕರೆಗೆ 50ರಿಂದ 100 ಔಡಲ ಗಿಡವಿದ್ದರೆ ಪತಂಗ ಅಲ್ಲಿ ಗುಂಪುಗುಂಪಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಗುಂಪಿನ ಮೇಲೆ ಕಂದು ಬಣ್ಣದ ನವಿರು ಹೊದಿಸಿದಂತೆ ಕಾಣುತ್ತದೆ. ಮರಿಗಳು ಮೊದಮೊದಲು ಒಂದೇ ಎಲೆಯಲ್ಲಿ ಸೇರಿ, ಎಲೆಯನ್ನು ಜರಡಿ ಮಾಡುತ್ತವೆ. ಆ ಎಲೆಯನ್ನು ಕಿತ್ತು ಸುಟ್ಟರೆ ನೂರಾರು ಹುಳ ಒಮ್ಮೆಗೇ ಹೋದ ಹಾಗೆ. ಆದರೆ ಔಡಲ ಹಚ್ಚಿ ಅತ್ತ ಮುಖ ಹಾಕದಿದ್ದರೆ, ಕಳ್ಳನಿಗೆ ಪಡಸಾಲೆಯಲ್ಲಿ ಹಾಸಿಗೆ ಹಾಸಿದಂತಾಗುತ್ತದೆ. ವಾರಕ್ಕೆರಡು ಸಲ ನೋಡಲೇಬೇಕು.

ಟೊಮ್ಯಾಟೊ ಬೆಳೆಗಾರರು ಚೆಂಡುಹೂವನ್ನು ನಂಬಬಹುದು. ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಪರೀಕ್ಷಿಸಿ ತಿಳಿಸಿದ ಕ್ರಮವಿದು: 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂ. ಚೆಂಡುಹೂವಿನ ಸಸಿ 45 ದಿನದ್ದು, ಟೊಮ್ಯಾಟೊ ಸಸಿ 25 ದಿನದ್ದು. ಎರಡನ್ನೂ ಒಂದೇ ದಿನ ನಾಟಿ ಮಾಡಬೇಕು. ಹೀಗೆ ಮಾಡಿದರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಹೂವಿನ ಕಡೆಗೆ ಹೋಗುತ್ತದೆ. ಹಬ್ಬದ ಕಾಲಕ್ಕೆ ಹೂ ಮಾರಿದ ಕಾಸೂ ಕೈಗೆ ಬರುತ್ತದೆ.

ಬೇಲಿ ಬೆಳೆಯ ಬೆಲೆ ತಿಳಿದದ್ದು 2000ದಲ್ಲಿ. ಆ ವರ್ಷ ನೆರೆಯ ಅನಂತಪುರ ಜಿಲ್ಲೆಯಲ್ಲಿ ಶೇಂಗಾದ ಕಾಂಡ ಕಪ್ಪಾಗಿ ಗಿಡ ಸಾಯುವ ರೋಗ ಸುಮಾರು 2,25,000 ಹೆಕ್ಟೇರಿನಲ್ಲಿ ಹಬ್ಬಿತು. ಅದು ಒಂದು ಬಗೆಯ ವೈರಸ್ ರೋಗ. ಕಾಂಗ್ರೆಸ್ ಗಿಡದ ಹೂವಿನ ಧೂಳಿನಲ್ಲಿ ವೈರಸ್ ಇದ್ದು, ಥ್ರಿಪ್ಸ್ ಎಂಬ ನುಸಿ ಆ ಧೂಳನ್ನು ಹೊತ್ತು ತಂದು ಶೇಂಗಾದ ಎಲೆಗೆ ಹಚ್ಚುತ್ತದೆ. ಆದ್ದರಿಂದ ಬದುವಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಹೊಲದ ಸುತ್ತ ನಾಲ್ಕು ಸಾಲು ಜೋಳ ಅಥವಾ ಸಜ್ಜೆಯನ್ನು ಒತ್ತಾಗಿ ಬಿತ್ತಬೇಕು. ಗಾಳಿಯಲ್ಲಿ ಬರುವ ನುಸಿಗೆ ಅದೇ ಗೋಡೆ.

ಕೂಡದ ಜೊತೆ

ಎಲ್ಲ ಗಿಡವೂ ಎಲ್ಲಕ್ಕೂ ಜೊತೆಯಲ್ಲ. ಮೇಲೆ ಹೇಳಿದ ವೈರಸ್ ಸೂರ್ಯಕಾಂತಿಗೂ ಹತ್ತುವುದರಿಂದ ಶೇಂಗಾದ ಮಗ್ಗುಲಿಗೆ ಸೂರ್ಯಕಾಂತಿ ಬೇಡ. ಬೆಂಡೆ ಮತ್ತು ಪುಂಡಿ ಹತ್ತಿಯ ಕುಲದವು. ಹತ್ತಿಯ ಕಾಯಿಕೊರಕ, ಬಿಳಿನೊಣಗಳಿಗೆ ಇವೂ ತವರುಮನೆ. ಹತ್ತಿಯ ಹೊಲದಿಂದ ಇವನ್ನು ದೂರವಿಡಿರಿ. ಶೇಂಗಾ, ನವಣೆಯ ಬದುವಿನಲ್ಲಿ ಪುಂಡಿ ಇದ್ದರೆ ಅಡ್ಡಿಯಿಲ್ಲ. ಪಲ್ಯಕ್ಕೆ ಸೊಪ್ಪೂ ಹಗ್ಗಕ್ಕೆ ನಾರೂ ಅದರಿಂದಲೇ.

ನಾರಿನ ಪುಂಡಿಯ ಎಲೆ ಬೆರಳುಗಳಂತೆ ಸೀಳಿದ್ದು, ದೂರದಿಂದ ನೋಡಿದರೆ ಭಂಗಿಯ ಗಿಡದಂತೆ ಕಾಣುತ್ತದೆ. ಶಾಸ್ತ್ರಜ್ಞರು ಅದಕ್ಕಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ‘ಭಂಗಿಯಂಥದು’ ಎಂದೇ. ಆದರೆ ಎರಡಕ್ಕೂ ನೆಂಟಸ್ತನವಿಲ್ಲ. ಹಸಿರೆಲೆ ಗೊಬ್ಬರದ ಸಣಬನ್ನೂ ಕೆಲವರು ಭಂಗಿಯ ಜಾತಿಗೆ ಸೇರಿಸಿ ಹೆದರುತ್ತಾರೆ. ಅದು ದ್ವಿದಳ ಜಾತಿಯದು. ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ನೆಲಕ್ಕೆ ತುಪ್ಪ ಬಡಿಸಿದಂತೆ.

ಭಂಗಿ, ಅಂದರೆ ಗಾಂಜಾ, ಮಾತ್ರ ಬೇರೆ. ಅದರ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ತೊಗರಿ, ಹತ್ತಿ, ಮೆಣಸಿನ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ಗಡಿಯ ಈಚೆ ಆಚೆ ಎರಡೂ ಕಡೆಯ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಕಟ್ಟೆಯ ಮೇಲಿನ ಮಾತು ಹೀಗೆ ಮೊದಲಾಗುತ್ತದೆ:

“ತೊಗರಿ ಆಳೆತ್ತರ ಬೆಳೆದೈತಿ ಮಾವ. ನಡುವೆ ನಾಲ್ಕು ಬೀಜ ಚೆಲ್ಲಿದ್ರೆ ಯಾರಿಗೆ ಕಾಣ್ತೈತಿ? ಬೀಜ ಕೊಡೋನು ಅವನೇ, ಕೊಳ್ಳೋನೂ ಅವನೇ ಅಂತಾನ.”

“ಕೊಡೋನೂ ಕೊಳ್ಳೋನೂ ಅವನೇ ಇರಬಹುದು ಅಳಿಯ. ಹೊಲದ ಪಟ್ಟಾ ಯಾರ ಹೆಸರಲ್ಲೈತಿ?”

ಈ ಮಾವನ ಪ್ರಶ್ನೆಯಲ್ಲೇ ಎಲ್ಲವೂ ಇದೆ. 1985ರ ನವೆಂಬರ್ 14ರಿಂದ ಜಾರಿಯಲ್ಲಿರುವ ಮಾದಕ ವಸ್ತುಗಳ ಕಾನೂನಿನ 20ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. 46ನೆಯ ಕಲಮಿನಂತೆ, ತನ್ನ ಹೊಲದಲ್ಲಿ ಬೇರೆಯವನು ಬೆಳೆದದ್ದು ತಿಳಿದೂ ಅಧಿಕಾರಿಗಳಿಗೆ ತಿಳಿಸದೆ ಸುಮ್ಮನಿದ್ದ ಭೂಮಾಲಿಕನೂ ಶಿಕ್ಷೆಗೆ ಗುರಿ. ಹೊಲವನ್ನು ಗುತ್ತಿಗೆಗೆ ಕೊಟ್ಟು ಊರು ಬಿಟ್ಟು ದುಡಿಯಲು ಹೋಗುವವರು ಇದನ್ನು ಮನಸ್ಸಿನಲ್ಲಿಡಬೇಕು. ಬೀಜ ಕೊಟ್ಟವನು ರಾತ್ರಿಯ ಬಸ್ಸು ಹತ್ತಿ ಹೋಗುತ್ತಾನೆ; ಹೊಲ ಮಾತ್ರ ಎದ್ದು ಓಡಲಾರದು.

“ಉತ್ತರಾಖಂಡದಲ್ಲಿ ಬೆಳೆಯುತ್ತಾರಲ್ಲ?” ಎಂದು ಕೇಳುವವರುಂಟು. ಅಲ್ಲಿ ಸರಕಾರದ ಪರವಾನಗಿ ಪಡೆದು, ಅಮಲಿನ ಅಂಶ ನೂರಕ್ಕೆ 0.3ನ್ನು ಮೀರದ ತಳಿಯನ್ನು ನಾರು, ಬೀಜಕ್ಕಾಗಿ ಬೆಳೆಯುತ್ತಾರೆ. ಕದ್ದು ಬಿತ್ತುವ ಬೀಜಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಾನೂನನ್ನು ಬದಿಗಿಟ್ಟು ಬೇಸಾಯದ ಕಣ್ಣಿನಿಂದ ನೋಡಿದರೂ ಭಂಗಿ ಒಳ್ಳೆಯ ಜೊತೆಯಲ್ಲ. ಅದು ಗಾಳಿಯ ಸಾರಜನಕ ಹಿಡಿಯುವ ಗಿಡವಲ್ಲ. ಮಣ್ಣಿನಲ್ಲಿದ್ದುದನ್ನು ಉಣ್ಣುವ ಹೊಟ್ಟೆಬಾಕ. ಅದರ ವಾಸನೆಗೆ ಹುಳ ಬಾರದೆಂಬ ಮಾತನ್ನು ನೆಚ್ಚಬೇಡಿರಿ; ನುಸಿ, ಹೇನು, ಕಾಯಿಕೊರಕ ಅದಕ್ಕೂ ಹತ್ತುತ್ತವೆ. ಕೆನಡಾ ದೇಶ 2018ರಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಂಥ ದೇಶಗಳ ಬೆಳೆಗಾರರು ಆ ಗಿಡವನ್ನು ಹುಳದಿಂದ ಕಾಯಲು ಅದರ ಸುತ್ತ ಕೊತ್ತಂಬರಿ, ಚೆಂಡುಹೂ, ತುಳಸಿ ಜಾತಿಯ ಗಿಡಗಳನ್ನು ಹಚ್ಚುತ್ತಾರೆ. ತನ್ನ ಕಾವಲಿಗೇ ಬೇರೆ ಗಿಡವನ್ನು ಬೇಡುವುದು ನಮ್ಮ ತೊಗರಿಗೆ ಏನು ಕಾವಲು ಕೊಟ್ಟೀತು? ಆ ಕಾವಲಿನ ಗಿಡಗಳೆಲ್ಲ ನಮ್ಮ ಹಿತ್ತಲಲ್ಲೇ ಇವೆ. ಅವನ್ನು ಬಿತ್ತಲು ಯಾರ ಹೆದರಿಕೆಯೂ ಇಲ್ಲ.

ಬಿತ್ತನೆಗೆ ಮೊದಲು

ಆಂಧ್ರದ ಪ್ರಕೃತಿ ಬೇಸಾಯದ ಯೋಜನೆ 2016ರಲ್ಲಿ ಮೊದಲಾಯಿತು. ಅದರಲ್ಲಿ ಮುಂಗಾರಿಗೆ ಮೊದಲೇ ಹಲವು ಧಾನ್ಯಗಳನ್ನು ಕೂಡಿಸಿ ಬಿತ್ತುವ ನವಧಾನ್ಯದ ಕ್ರಮವನ್ನು ಹೇಳಿಕೊಡುತ್ತಾರೆ. ನಮ್ಮ ಅಜ್ಜಿಯ ಉಡಿಯ ಬೀಜಗಳೇ ಹೊಸ ಹೆಸರಿನಿಂದ ಮನೆಗೆ ಮರಳಿವೆ ಎನ್ನಬಹುದು. ಊರಿನ ರೈತ ಸೇವಾ ಕೇಂದ್ರದಲ್ಲಿ, ಎಮ್ಮಿಗನೂರು ಬಳಿಯ ಬನವಾಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿರಿ. ಬಳ್ಳಾರಿಗೆ ಹೋಗಿಬರುವವರು ಹಗರಿಯ ಕೃಷಿ ಕೇಂದ್ರದಲ್ಲೂ ವಿಚಾರಿಸಬಹುದು. ಇತ್ತಲಿನ ಕಚೇರಿಯಲ್ಲಿ ಕೇಳುವಾಗ ಹೆಸರು ತಿಳಿದಿರಲಿ: ತೊಗರಿಗೆ ಕಂದಿ, ನವಣೆಗೆ ಕೊರ್ರ, ಔಡಲಕ್ಕೆ ಆಮುದಂ, ಸಣಬಿಗೆ ಜನುಮು, ಚೆಂಡುಹೂವಿಗೆ ಬಂತಿ. ಕನ್ನಡದಲ್ಲಿ ಕೇಳಿ ಬರಿಗೈಯಲ್ಲಿ ಮರಳುವ ಪ್ರಸಂಗ ಬೇಡ.

ಈ ಸಲ ಇಡೀ ಹೊಲವನ್ನು ಬದಲಿಸಬೇಕಾಗಿಲ್ಲ. ಒಂದೆಕರೆಯಲ್ಲಿ ಏಳಕ್ಕೊಂದು ಸಾಲು ತೊಗರಿ ಹಾಕಿ, ಬದುವಿಗೆ ಔಡಲ ಊರಿ, ಸುತ್ತ ಸಜ್ಜೆ ಬಿತ್ತಿ ನೋಡಿರಿ. ಉಳಿದ ಹೊಲಕ್ಕೂ ಇದಕ್ಕೂ ಖರ್ಚೆಷ್ಟು, ಬಂದದ್ದೆಷ್ಟು ಎಂದು ಗೋಡೆಯ ಮೇಲಾದರೂ ಬರೆದಿಡಿರಿ. ಸುಗ್ಗಿಯ ದಿನ ಆ ಲೆಕ್ಕವೇ ನಿಮಗೆ ಬುದ್ಧಿ ಹೇಳುತ್ತದೆ. ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದು ಹಾಡುಹಗಲು ನಾಲ್ಕು ಜನರ ಮುಂದೆ ಕೊಯ್ದು, ಕಣದಲ್ಲಿ ರಾಶಿ ಹಾಕಿ, ಪೂಜೆ ಮಾಡಿ ಮನೆಗೆ ತರುವಂಥದ್ದಾಗಿರಲಿ. ಹಾಗೆ ತರಲಾಗದ್ದನ್ನು ಬಿತ್ತಲೇಬಾರದು.