ಪೆಟ್ಟಿಗೆಯ ತಳದ ನೆಗೆಟಿವ್‌ಗಳು

ನಮ್ಮ ಕರಾವಳಿಯ ಕಥೋಲಿಕ ಮನೆಗಳ ಹಳೆಯ ಮದುವೆಯ ಆಲ್ಬಮ್‌ಗಳಲ್ಲಿ ರೋಸಿನ ತೆಂಗಿನ ಹಾಲಿನಿಂದ ಬಲಿಪೂಜೆಯವರೆಗೆ ಎಲ್ಲವೂ ಇದೆ. ಒಂದು ರೋಲಿಗೆ 36 ಚಿತ್ರಗಳಷ್ಟೇ. ಉಂಗುರ ತೊಡಿಸುವ ಗಳಿಗೆಗೆ ರೋಲು ಮುಗಿಯದಂತೆ ಛಾಯಾಗ್ರಾಹಕರು ಎಣಿಸಿ ತೆಗೆಯುತ್ತಿದ್ದರು. ಯಾರು ಕಣ್ಣು ಮುಚ್ಚಿದ್ದರೆಂಬುದು ರೋಲು ತೊಳೆದ ಬಳಿಕವೇ ತಿಳಿಯುತ್ತಿತ್ತು!

ಆ ಬಣ್ಣದ ಚಿತ್ರಗಳೀಗ ಮಾಸುತ್ತಿವೆ. ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಚಿತ್ರಗಳೇ ಗಟ್ಟಿ, ಏಕೆಂದರೆ ಅವುಗಳಲ್ಲಿರುವುದು ಬೆಳ್ಳಿಯ ಕಣ. ಆದುದರಿಂದ ಪೆಟ್ಟಿಗೆಯ ತಳದಲ್ಲಿರುವ ನೆಗೆಟಿವ್‌ಗಳನ್ನು ಹುಡುಕಿ ತೆಗೆಯೋಣ. ಅವು ವಿನೆಗರಿನಂತೆ ಹುಳಿವಾಸನೆ ಬೀರಿದರೆ ಫಿಲ್ಮು ಕೆಡತೊಡಗಿದೆಯೆಂದೇ ಅರ್ಥ; ಅಂಥವನ್ನು ಬೇರೆಯಿರಿಸಿ, ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದಂತೂ ಇದ್ದೇ ಇದೆ.

ನಾವು ಬಲ್ಲ ಮನೆಯೊಂದರಲ್ಲಿ, ತೀರಿಹೋದ ತಾಯಿ ನಗುತ್ತಿದ್ದ ಚಿತ್ರ ಉಳಿದಿದ್ದುದು ಅಂತಹ ನೆಗೆಟಿವ್ ತುಣುಕೊಂದರಲ್ಲಿ ಮಾತ್ರ.