ಬಡವನಿಗೂ ಒಂದು ಬೀದಿಬಾಗಿಲು

ಧರ್ಮಛತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉದ್ದನೆಯ ಪಡಸಾಲೆ. ದಾರಿಹೋಕನು ಒಂದೆರಡು ರಾತ್ರಿ ತಂಗಿ ಮುಂದೆ ಸಾಗುವನು. ಬಡವನು ಅಲ್ಲಿಯೇ ನೆಲೆಸಿ ಬಾಳುವುದಕ್ಕಾಗಿ ಕಟ್ಟಿದ ಧರ್ಮನಿವಾಸಗಳ ಮಾತು ಬೇರೆ. ಯೂರೋಪಿನಲ್ಲಿ ಇವು ಮಧ್ಯಯುಗದಿಂದಲೂ ಉಂಟು. ಹಳೆಯವುಗಳಲ್ಲಿ ಅನೇಕವು ಒಂದೇ ಅಚ್ಚಿನವು: ದೊಡ್ಡದೊಂದು ಹಜಾರ, ಅದರ ತುದಿಗೆ ಪ್ರಾರ್ಥನಾಮಂದಿರ, ನಡುವೆ ಸಾಲು ಹಾಸಿಗೆಗಳು. ನಿದ್ರೆ, ಕಾಯಿಲೆ, ಮರಣ ಎಲ್ಲವೂ ಹತ್ತು ಜನರ ಕಣ್ಣೆದುರಿಗೆ.

ಈ ಅಚ್ಚನ್ನು ಬಿಟ್ಟು ಕಟ್ಟಿದ ಕೇರಿಯೊಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿದೆ. ಅದರ ಹೆಸರು ಫುಗ್ಗೆರಾಯ್. ಚಕ್ರವರ್ತಿಗೇ ಸಾಲ ಕೊಡುತ್ತಿದ್ದ ಯಾಕೋಬ್ ಫುಗ್ಗರ್ ಎಂಬ ಸಾಹುಕಾರನು 1516ರಲ್ಲಿ ಕಟ್ಟಿಸತೊಡಗಿ, 1521ರಲ್ಲಿ ಧರ್ಮಪತ್ರವನ್ನು ಬರೆಯಿಸಿದನು. ಭಿಕ್ಷುಕರಿಗಲ್ಲ, ದುಡಿದು ಉಣ್ಣುತ್ತಿದ್ದು ಕಷ್ಟಕ್ಕೆ ಸಿಕ್ಕಿದ ಕೈಕಸುಬಿನವರಿಗೂ ಕೂಲಿಯವರಿಗೂ ಈ ಮನೆಗಳು. ವರ್ಷಕ್ಕೆ ಬಾಡಿಗೆ ಒಂದು ಗಿಲ್ಡರು. ಇಂದಿಗೂ ಅದೇ ಲೆಕ್ಕ. ಈಗಿನ ನಾಣ್ಯದಲ್ಲಿ 88 ಸೆಂಟು, ಅಂದರೆ ಒಂದು ಯೂರೋ ಕೂಡ ಇಲ್ಲ! ಜೊತೆಗೆ ದಾನಿಯ ಕುಟುಂಬಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆ ಸಲ್ಲಿಸಬೇಕು. ನಿವಾಸಿಯು ಆ ಊರಿನವನೂ ಕ್ಯಾಥೊಲಿಕ್ ಮತದವನೂ ಆಗಿರಬೇಕು. ಗೀತೆಯ ಅಳತೆಯಲ್ಲಿ ಇದು ರಾಜಸ ದಾನವೇ ಸರಿ. ಆದರೂ ಕಟ್ಟಡವನ್ನು ನೋಡಿದರೆ ಆ ಸಾಹುಕಾರನನ್ನು ಮೆಚ್ಚಲೇಬೇಕಾಗುತ್ತದೆ.

ನೇರವಾದ ಓಣಿಗಳು, ಎರಡಂತಸ್ತಿನ ಸಾಲುಮನೆಗಳು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ವಿಶೇಷವೇನೆಂದರೆ, ಮೇಲಿನವರ ಮೆಟ್ಟಿಲು ಕೆಳಗಿನವರ ಮನೆಯೊಳಗಿಂದ ಹತ್ತುವುದಿಲ್ಲ. ಇಬ್ಬರಿಗೂ ಬೀದಿಯಿಂದಲೇ ಬೇರೆ ಬೇರೆ ಬಾಗಿಲು. ಸುಮಾರು 60 ಚದರ ಮೀಟರಿನಲ್ಲಿ ಅವರವರ ಅಡಿಗೆಮನೆ, ಅವರವರ ಕೋಣೆಗಳು. ಬಾಡಿಗೆಮನೆಯ ಸಮಾನ ಬಾಗಿಲಿನಲ್ಲಿ ಏಗಿದ ವಾಚಕರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬಾಗಿಲ ಪಕ್ಕದಲ್ಲಿ ಗಂಟೆ ಎಳೆಯುವ ಕಬ್ಬಿಣದ ಹಿಡಿ. ಅದರ ಆಕಾರ ಮನೆಯಿಂದ ಮನೆಗೆ ಬೇರೆ. ಬೀದಿದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವನು ಕೈಯಿಂದ ತಡವಿ ತನ್ನ ಮನೆಯನ್ನು ಗುರುತಿಸಿಕೊಳ್ಳುತ್ತಿದ್ದನಂತೆ.

ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ಕೇಳುವವರು ಮೋಟ್ಸಾರ್ಟನ ಹೆಸರನ್ನು ಬಲ್ಲರು. ಆತನ ಮುತ್ತಾತ, ಗಾರೆಕೆಲಸದ ಫ್ರಾನ್ಸ್ ಮೋಟ್ಸಾರ್ಟ್, 1681ರಿಂದ 1694ರವರೆಗೆ ಇಲ್ಲಿಯೇ ವಾಸವಾಗಿದ್ದನು.

1944ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಕೇರಿಯ ಬಹುಭಾಗ ನೆಲಸಮವಾಯಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಕೆಲವೇ ದಿನಗಳಲ್ಲಿ ಫುಗ್ಗರ್ ಮನೆತನದವರು ಸೇರಿ ಪುನಃ ಕಟ್ಟುವುದೆಂದು ನಿಶ್ಚಯಿಸಿದರು. ಹಳೆಯ ಮಾದರಿಯಲ್ಲಿಯೇ ಕಟ್ಟಿದರು. ಮಗ್ಗುಲಿನ ನಿವೇಶನಗಳನ್ನೂ ಸೇರಿಸಿಕೊಂಡು ಬೆಳೆಸಿದರು. ಈಗ 67 ಮನೆಗಳಲ್ಲಿ 140 ವಸತಿಗಳಿವೆ. ಖರ್ಚಿಗೆ ಮುಖ್ಯ ಆಧಾರ ಧರ್ಮಸಂಸ್ಥೆಯ ಕಾಡುಗಳ ಆದಾಯ. ರಾತ್ರಿ ಹತ್ತಕ್ಕೆ ಕೇರಿಯ ಹೆಬ್ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರು ಕಾವಲುಗಾರನಿಗೆ ಚಿಲ್ಲರೆ ಕಾಸು ಕೊಟ್ಟು ಒಳಗೆ ಹೋಗುತ್ತಾರೆ.